ನಂಜನಗೂಡಿನಲ್ಲಿ ಸೋತ ಹೈದರಲಿ

ಮೈಸೂರು ದಾಟಿ ಊಟಿ ಕಡೆ ಹೋಗುವಾಗ ನಂಜನಗೂಡಿನಲ್ಲಿ ಕಪಿಲಾ ಹೊಳೆ ಸಿಗುತ್ತದೆ. ಇದೇ ಹೊಳೆ ಮುಂದೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈಗ ಅಲ್ಲಿ ಕಾಣುವುದು ಗದ್ದೆ, ಕಾರ್ಖಾನೆ, ದೇವಸ್ಥಾನದ ಗೋಪುರ. 1761ರಲ್ಲಿ ಮಾತ್ರ ನಂಜನಗೂಡಿನ ಹತ್ತಿರ ದೊಡ್ಡದೊಂದು ಕಾಳಗ ನಡೆದಿತ್ತು. ಅದರಲ್ಲಿ ಸೋತವರು ಹೈದರಲಿ.

ನಾವೆಲ್ಲ ಹೈದರಲಿ ಗೆದ್ದ ಕಥೆ ಕೇಳಿದವರು. ಸೋತ ಕಥೆ ಕೇಳಿದ್ದು ಕಡಿಮೆ. ಆದರೆ ಸಿಪಾಯಿ ಕೆಲಸದಿಂದ ಶುರು ಮಾಡಿದ ಒಬ್ಬ ಮನುಷ್ಯ, ಸುಮಾರು ನಲ್ವತ್ತನೇ ವಯಸ್ಸಿನಲ್ಲಿ ರಾಜ್ಯ ನಡೆಸುವ ಕೆಲಸಕ್ಕೆ ಹೇಗೆ ಬಂದರು ಅಂತ ತಿಳಿಯಬೇಕಾದರೆ ಈ ಸೋಲಿನ ಕಥೆಯನ್ನೇ ನೋಡಬೇಕು.

ಹೈದರಲಿ ಹುಟ್ಟಿದ್ದು 1720ರ ಆಸುಪಾಸು, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಶಿರಾ ನವಾಬರ ಕೈಕೆಳಗೆ ದುಡಿಯುತ್ತಿದ್ದ ಸೇನಾಧಿಕಾರಿ. ಮಗ ಚಿಕ್ಕವನಿರುವಾಗಲೇ ಅವರು ಯುದ್ಧದಲ್ಲಿ ಮಡಿದರು. ಯತೀಮರಾದ ಮಕ್ಕಳ ಮನೆಯಲ್ಲಿ ಇದ್ದದ್ದನ್ನೂ ಮೇಲಿನವರು ಕಿತ್ತುಕೊಂಡರು. ಮೈಸೂರು ಸೈನ್ಯದಲ್ಲಿದ್ದ ಸಂಬಂಧಿಕರೊಬ್ಬರು ಕೈಹಿಡಿಯದಿದ್ದರೆ ಈ ಕುಟುಂಬದ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಓದು ಬರಹ ಹೈದರಲಿಗೆ ಸಿಗಲಿಲ್ಲ. ಕೊನೆಯವರೆಗೂ ಅವರು ಅಕ್ಷರ ಕಲಿಯಲಿಲ್ಲ.

1749ರಲ್ಲಿ ದೇವನಹಳ್ಳಿ ಕೋಟೆಯ ಮುತ್ತಿಗೆ ನಡೆಯಿತು. ಅಲ್ಲಿ ಈ ಸಿಪಾಯಿಯ ಧೈರ್ಯ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನವರ ಕಣ್ಣಿಗೆ ಬಿತ್ತು. 50 ಕುದುರೆ ಸವಾರರು, 200 ಕಾಲಾಳುಗಳ ಸಣ್ಣ ಪಡೆ ಹೈದರಲಿಯ ಕೈಗೆ ಬಂತು. ಆಗ ಮೈಸೂರಿನಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಅಧಿಕಾರವೆಲ್ಲ ದಳವಾಯಿ ದೇವರಾಜಯ್ಯ ಮತ್ತು ಅವರ ತಮ್ಮ ನಂಜರಾಜಯ್ಯನವರದ್ದು.

ಕೆಲಸದಲ್ಲಿ ನಿಜವಾದ ತಿರುವು ಬಂದದ್ದು 1755ರಲ್ಲಿ, ದಿಂಡಿಗಲ್‌ಗೆ ಫೌಜುದಾರರಾಗಿ ಹೋದಾಗ. ಫೌಜುದಾರನಿಗೆ ಕತ್ತಿ ಬೀಸಲು ಬಂದರೆ ಸಾಲದು. ಕಂದಾಯ ವಸೂಲಿ, ಸಂಬಳ, ದಾಸ್ತಾನು ಎಲ್ಲ ಅವನ ತಲೆ ಮೇಲೆಯೇ. ಅಕ್ಷರ ಬಾರದ ಹೈದರಲಿ ಅದಕ್ಕೆ ಹೆದರಿ ಹಿಂದೆ ಸರಿಯಲಿಲ್ಲ. ಲೆಕ್ಕ ಬಲ್ಲ ಖಂಡೇರಾಯ ಎಂಬ ಬ್ರಾಹ್ಮಣರನ್ನು ಜೊತೆಗೆ ಇಟ್ಟುಕೊಂಡರು. ಫಿರಂಗಿ ಕೆಲಸಕ್ಕೆ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿದರು. ತನಗೆ ಬಾರದ್ದನ್ನು ಬಲ್ಲವರಿಂದ ಮಾಡಿಸಿ, ತಾನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರ ಜ್ಞಾಪಕ ಶಕ್ತಿಯನ್ನು ಶತ್ರುಗಳೂ ಒಪ್ಪಿದ್ದಾರೆ.

ಕಲಿತ ಈ ಕೆಲಸ ಮೂರೇ ವರ್ಷದಲ್ಲಿ ಉಪಯೋಗಕ್ಕೆ ಬಂತು. 1758ರಲ್ಲಿ ಸಂಬಳ ಬಾಕಿ ಬಿದ್ದ ಸೈನಿಕರು ಶ್ರೀರಂಗಪಟ್ಟಣದಲ್ಲಿ ಧರಣಿ ಕೂತಾಗ, ಬಾಕಿಯ ಲೆಕ್ಕ ಚುಕ್ತಾ ಮಾಡಿ ಗಲಾಟೆ ನಿಲ್ಲಿಸಿದವರು ಹೈದರಲಿ. ಸಂಬಳ ಕೊಡುವವನ ಮಾತು ಸೈನಿಕ ಕೇಳುತ್ತಾನೆ. ಮಾರನೇ ವರ್ಷವೇ ನಂಜರಾಜಯ್ಯ ಅಧಿಕಾರ ಬಿಟ್ಟು ಮನೆಗೆ ಹೋಗಬೇಕಾಯಿತು. ಕೈಹಿಡಿದು ಮೇಲೆತ್ತಿದ ಯಜಮಾನರ ಜಾಗದಲ್ಲಿ ಈಗ ಹೈದರಲಿ ಕೂತಿದ್ದರು.

ಅದೇ ಪೆಟ್ಟು ಅವರಿಗೂ ಬಿತ್ತು. 1760ರ ಆಗಸ್ಟ್‌ನಲ್ಲಿ, ತಾನೇ ಬೆಳೆಸಿದ ಖಂಡೇರಾಯರು ಅರಮನೆಯವರ ಜೊತೆ ಸೇರಿ ಶ್ರೀರಂಗಪಟ್ಟಣದ ಕೋಟೆಯಿಂದ ಹೈದರಲಿಯ ಬಿಡಾರದ ಮೇಲೆ ಫಿರಂಗಿ ಹಾರಿಸಿದರು. ಸೈನ್ಯದ ದೊಡ್ಡ ಭಾಗ ದೂರದಲ್ಲಿತ್ತು. ಮನೆಯವರನ್ನು, ಚಿಕ್ಕ ಹುಡುಗನಾಗಿದ್ದ ಟಿಪ್ಪುವನ್ನು ಅಲ್ಲೇ ಬಿಟ್ಟು, ಕೆಲವೇ ಸವಾರರ ಜೊತೆ ರಾತ್ರಿ ಹೊಳೆ ದಾಟಿ ಆನೇಕಲ್ ಮೂಲಕ ಬೆಂಗಳೂರು ಸೇರಿಕೊಂಡರು. ಅಲ್ಲಿ ಕೋಟೆ ಕಾಯುತ್ತಿದ್ದ ಕಬೀರ್ ಬೇಗ್ ನಂಬಿಕೆ ಮುರಿಯಲಿಲ್ಲ, ಬಾಗಿಲು ತೆರೆದರು. ಊರಿನ ಸಾಹುಕಾರರು ಸಾಲ ಕೊಟ್ಟರು. ಅಡವಿಡಲು ಹೈದರಲಿಯ ಕೈಯಲ್ಲಿ ಏನೂ ಇರಲಿಲ್ಲ. ಅವರ ಮಾತಿಗಿದ್ದ ಬೆಲೆಯ ಮೇಲೆ ಸಿಕ್ಕಿದ ದುಡ್ಡು ಅದು.

ಆ ದುಡ್ಡಿನಲ್ಲಿ ಪಡೆ ಕಟ್ಟಿಕೊಂಡು ಬಂದವರಿಗೆ ನಂಜನಗೂಡಿನ ಹತ್ತಿರ ಖಂಡೇರಾಯರ ಸೈನ್ಯ ಎದುರಾಯಿತು. ಹೈದರಲಿ ಸೋತರು. ತುಂಬಾ ಜನ ಹೋದರು. ಇನ್ನೊಂದು ಕಾಳಗ ಕೊಡುವ ಶಕ್ತಿ ಇರಲಿಲ್ಲ.

ಆಗ ಅವರು ಮಾಡಿದ ಕೆಲಸ ಯಾರೂ ಎಣಿಸದ್ದು. ಪಡೆಯನ್ನು ಹಿಂದೆ ಬಿಟ್ಟು, ಸುಮಾರು 200 ಸವಾರರ ಜೊತೆ ಸುತ್ತುದಾರಿಯಲ್ಲಿ ಕೋಣನೂರಿಗೆ ಹೋದರು. ಅಲ್ಲಿ ಇದ್ದವರು ನಂಜರಾಜಯ್ಯ. ತಾನೇ ಮನೆಗೆ ಕಳಿಸಿದ ಹಳೇ ಯಜಮಾನರ ಮುಂದೆ ತಲೆಬಾಗಿ ನಿಂತು, ತಪ್ಪಾಯಿತು, ನೀವೇ ಮತ್ತೆ ಯಜಮಾನರಾಗಿ ಎಂದು ಬೇಡಿಕೊಂಡರು. ನಂಜರಾಜಯ್ಯ ಕರಗಿದರು. ಅವರ ಹೆಸರಿನ ಬಲ ಸಿಕ್ಕಿತು.

ಇಲ್ಲಿಂದ ಮುಂದಿನದನ್ನೂ ಮುಚ್ಚಿಡಬಾರದು. ನಂಜರಾಜಯ್ಯನವರ ಮುದ್ರೆ ಹಾಕಿದ ಸುಳ್ಳು ಪತ್ರಗಳನ್ನು ಹೈದರಲಿ ಖಂಡೇರಾಯರ ಸೇನಾಧಿಕಾರಿಗಳ ಹೆಸರಿಗೆ ಬರೆಸಿ, ಅವು ಖಂಡೇರಾಯರ ಕೈಗೇ ಸಿಗುವಂತೆ ಮಾಡಿದರು. ತನ್ನವರೇ ಮೋಸ ಮಾಡುತ್ತಿದ್ದಾರೆಂದು ನಂಬಿದ ಖಂಡೇರಾಯರು ಓಡಿಹೋದರು, ನಾಯಕನಿಲ್ಲದ ಸೈನ್ಯ ಸೋತಿತು. 1761ರ ಮಧ್ಯದ ಹೊತ್ತಿಗೆ ಮೈಸೂರು ಹೈದರಲಿಯ ಕೈಯಲ್ಲಿತ್ತು. ಖಂಡೇರಾಯರ ಜೀವ ಉಳಿಸಿ ಗಿಳಿಯ ಹಾಗೆ ಸಾಕುತ್ತೇನೆಂದು ಕೊಟ್ಟ ಮಾತನ್ನು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಟ್ಟು ನಡೆಸಿದರು. ನಂಜರಾಜಯ್ಯನವರಿಗೂ ಹಳೇ ಅಧಿಕಾರ ಮರಳಲಿಲ್ಲ. ಇವು ಮೆಚ್ಚುವ ಸಂಗತಿಗಳಲ್ಲ.

ಆದರೂ ಆಮೇಲಿನ ಇಪ್ಪತ್ತೊಂದು ವರ್ಷ ಈ ಮನುಷ್ಯ ಕಲಿಯುವುದನ್ನು ನಿಲ್ಲಿಸಲಿಲ್ಲ. 1763ರಲ್ಲಿ ಬಿದನೂರು ಗೆದ್ದಾಗ ನಮ್ಮ ಮಂಗಳೂರು ಕೂಡ ಅವರ ಕೈಗೆ ಬಂತು. ಕುದುರೆ ಮೇಲೆ ಬೆಳೆದವರು ಇಲ್ಲಿ ಹಡಗು ಕಟ್ಟಿಸಿದರು, ನೌಕಾಪಡೆಗೆ ಕಣ್ಣೂರಿನ ಅಲಿ ರಾಜಾರನ್ನು ಸೇರಿಸಿಕೊಂಡರು. ಕಡಲು ಗೊತ್ತಿಲ್ಲದವನು ಕಡಲು ಗೊತ್ತಿದ್ದವರನ್ನು ಕರೆದ. ದಿಂಡಿಗಲ್‌ನಲ್ಲಿ ಮಾಡಿದ್ದೂ ಇದನ್ನೇ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ, ಇಂಗ್ಲಿಷರ ಮೇಲಿನ ಯುದ್ಧದ ನಡುವೆಯೇ ಅವರು ವಫಾತಾದರು. ಕಬರು ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ.

ಗಲ್ಫ್ ಕೆಲಸ ಮುಗಿಸಿ ನಲ್ವತ್ತರ ಮೇಲೆ ಊರಿಗೆ ಬಂದು, ಇನ್ನು ಏನು ಮಾಡುವುದು ಅಂತ ಕೂತವರು ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಅಂಗಡಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡವರೂ ಇದ್ದಾರೆ. ನಂಜನಗೂಡಿನಲ್ಲಿ ಪಡೆ ಹೋದ ಮೇಲೂ ಹೈದರಲಿಗೆ ಉಳಿದದ್ದು ಎರಡು: ಗೊತ್ತಿಲ್ಲದ್ದನ್ನು ಬಲ್ಲವರಿಂದ ತಿಳಿಯುವ ಅಭ್ಯಾಸ, ಹಳೇ ಯಜಮಾನರ ಬಾಗಿಲು ತಟ್ಟಲು ನಾಚದ ಮನಸ್ಸು. ಬೆಂಗಳೂರಿನಲ್ಲಿ ಅವರನ್ನು ಮತ್ತೆ ನಿಲ್ಲಿಸಿದ್ದು ಮಾತಿನ ಮೇಲಿನ ನಂಬಿಕೆ. ಅದೇ ನಂಬಿಕೆಯನ್ನು ಖಂಡೇರಾಯರ ವಿಷಯದಲ್ಲಿ, ನಂಜರಾಜಯ್ಯನವರ ವಿಷಯದಲ್ಲಿ ಅವರು ಉಳಿಸಿಕೊಳ್ಳಲಿಲ್ಲ. ಮೊದಲಿನದನ್ನು ತೆಗೆದುಕೊಳ್ಳೋಣ, ಎರಡನೆಯದನ್ನು ಬಿಡೋಣ.