ಗೆದ್ದ ಮೇಲೂ ಬಾಗಿದ ಸೇನಾನಿ: ಯುಲಿಸಿಸ್ ಗ್ರಾಂಟ್

ಯುದ್ಧಗಳನ್ನು ಗೆದ್ದವರ ಚರಿತ್ರೆಯನ್ನು ನಾವು ಬಹಳವಾಗಿ ಓದಿದ್ದೇವೆ. ಗೆದ್ದ ಮರುಗಳಿಗೆಯಲ್ಲಿ ಸೋತವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ತೋರಿಸಿದವರು ಮಾತ್ರ ವಿರಳ. ಅಮೆರಿಕದ ಅಂತರ್ಯುದ್ಧದ ದಂಡನಾಯಕ ಯುಲಿಸಿಸ್ ಗ್ರಾಂಟ್ ಅವರನ್ನು ನಾವು ಸ್ಮರಿಸಬೇಕಾದುದು ಈ ಕಾರಣಕ್ಕಾಗಿ.

ಗ್ರಾಂಟ್ ಜನಿಸಿದ್ದು 1822ರ ಏಪ್ರಿಲ್ 27ರಂದು, ಒಹಾಯೊ ರಾಜ್ಯದ ಪಾಯಿಂಟ್ ಪ್ಲೆಸೆಂಟ್ ಎಂಬ ಪುಟ್ಟ ಊರಿನಲ್ಲಿ. ಚರ್ಮ ಹದಮಾಡುವ ತಂದೆಯ ಕಸುಬು ಬಾಲಕನಿಗೆ ಹಿಡಿಸಲಿಲ್ಲ, ಕುದುರೆಗಳೆಂದರೆ ಪ್ರಾಣ. ತಂದೆಯ ಒತ್ತಾಯದಿಂದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಸೇರಿ, 1843ರಲ್ಲಿ 39 ಮಂದಿಯ ತರಗತಿಯಲ್ಲಿ 21ನೆಯವರಾಗಿ ತೇರ್ಗಡೆಯಾದರು.

1845ರಲ್ಲಿ ಟೆಕ್ಸಾಸ್ ಅಮೆರಿಕವನ್ನು ಸೇರಿತು. ಮರುವರ್ಷ ಮೆಕ್ಸಿಕೊದೊಡನೆ ಯುದ್ಧ ಆರಂಭವಾಯಿತು. ಗ್ರಾಂಟ್ ಅದರಲ್ಲಿ ಧೈರ್ಯದಿಂದ ಹೋರಾಡಿದರೂ, ಬಲಿಷ್ಠ ರಾಷ್ಟ್ರವೊಂದು ದುರ್ಬಲ ರಾಷ್ಟ್ರದ ಮೇಲೆ ಹೂಡಿದ ಅನ್ಯಾಯದ ಸಮರವದೆಂದು ಕಡೆಯವರೆಗೂ ನಂಬಿದ್ದರು. 1848ರ ಒಪ್ಪಂದದಿಂದ ಕ್ಯಾಲಿಫೋರ್ನಿಯಾವೂ ಸೇರಿ ವಿಶಾಲ ಭೂಭಾಗ ಅಮೆರಿಕದ ವಶವಾಯಿತು. ಆ ನೆಲದಲ್ಲಿ ಗುಲಾಮಗಿರಿಗೆ ಎಡೆಯುಂಟೇ ಎಂಬ ಪ್ರಶ್ನೆಯೇ ಮುಂದೆ ದೇಶವನ್ನು ಇಬ್ಭಾಗಿಸಿತು.

1854ರಲ್ಲಿ ಗ್ರಾಂಟ್, ಕುಡಿತದ ಅಪವಾದದ ನಡುವೆ, ಸೇನೆಯನ್ನು ತೊರೆದರು. ಬೇಸಾಯ ಕೈಹಿಡಿಯಲಿಲ್ಲ; ಸೇಂಟ್ ಲೂಯಿಸ್‌ನ ಬೀದಿಗಳಲ್ಲಿ ಸೌದೆ ಮಾರಿ ಹೆಂಡತಿ ಮಕ್ಕಳನ್ನು ಸಲಹಿದರು. 1859ರಲ್ಲಿ ಅವರ ಬಳಿ ವಿಲಿಯಂ ಜೋನ್ಸ್ ಎಂಬ ಗುಲಾಮನಿದ್ದ. ಮಾರಿದ್ದರೆ ಸಂಸಾರದ ಕಷ್ಟ ನೀಗುವಷ್ಟು ಹಣ ದೊರೆಯುತ್ತಿತ್ತು. ಗ್ರಾಂಟ್ ಅವನನ್ನು ಮಾರಲಿಲ್ಲ, ಬಿಡುಗಡೆಗೊಳಿಸಿದರು.

1860ರಲ್ಲಿ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದೊಡನೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟದಿಂದ ಹೊರನಡೆದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡಿನ ಮಳೆಗರೆಯಿತು. ಗೆಲೀನಾ ಊರಿನಲ್ಲಿ ತಂದೆಯ ಚರ್ಮದ ಅಂಗಡಿಯಲ್ಲಿ ದುಡಿಯುತ್ತಿದ್ದ ಗ್ರಾಂಟ್ ಮತ್ತೆ ಸಮವಸ್ತ್ರ ಧರಿಸಿದರು. 1862ರಲ್ಲಿ ಡೊನೆಲ್ಸನ್ ಕೋಟೆಯನ್ನು ಗೆದ್ದರು. 1863ರ ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾದಾಗ ಮಿಸಿಸಿಪ್ಪಿ ನದಿಯ ಹಾದಿ ಒಕ್ಕೂಟದ ಕೈಸೇರುವಂತಾಯಿತು. 1864ರಲ್ಲಿ ಲಿಂಕನ್ ಅವರನ್ನು ಸಮಸ್ತ ಸೇನೆಯ ದಂಡನಾಯಕರನ್ನಾಗಿ ನೇಮಿಸಿದರು.

ಅವರಲ್ಲಿ ದೋಷಗಳೇ ಇರಲಿಲ್ಲವೆಂದು ನಾವು ಹೇಳಲಾರೆವು. 1862ರ ಡಿಸೆಂಬರಿನಲ್ಲಿ ಯಹೂದಿಗಳನ್ನು ತಮ್ಮ ಸೇನಾವಲಯದಿಂದ ಹೊರಹಾಕಲು ಆಜ್ಞಾಪಿಸಿದರು. ಲಿಂಕನ್ ಅದನ್ನು ರದ್ದುಪಡಿಸಿದರು. ಕೋಲ್ಡ್ ಹಾರ್ಬರ್‌ನ ಕೊನೆಯ ದಾಳಿಯಲ್ಲಿ ವ್ಯರ್ಥವಾಗಿ ಮಡಿದ ಸೈನಿಕರಿಗಾಗಿ ಜೀವನಪರ್ಯಂತ ಮರುಗಿದರು.

1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನ ಮನೆಯೊಂದರಲ್ಲಿ ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾದರು. ಲೀ ಅವರದು ಅಚ್ಚುಕಟ್ಟಾದ ಉಡುಪು, ಗ್ರಾಂಟ್ ಅವರದು ಕೆಸರು ಮೆತ್ತಿದ ಸಾದಾ ಅಂಗಿ. ಸೋತ ಸೈನಿಕರು ಸೆರೆಯಿಲ್ಲದೆ ಮನೆಗೆ ಹಿಂದಿರುಗಲಿ, ಉಳುಮೆಗಾಗಿ ಸ್ವಂತ ಕುದುರೆಗಳನ್ನು ಕೊಂಡೊಯ್ಯಲಿ ಎಂದು ಗ್ರಾಂಟ್ ಒಪ್ಪಿದರು. ಹಸಿದಿದ್ದವರಿಗೆ 25,000 ಮಂದಿಯ ಆಹಾರ ಕಳುಹಿಸಿದರು. ತಮ್ಮ ಪಡೆಯ ವಿಜಯೋತ್ಸವದ ತೋಪುಗಳನ್ನು ನಿಲ್ಲಿಸಿದರು.

1869ರಿಂದ 1877ರವರೆಗೆ ಅಧ್ಯಕ್ಷರಾಗಿ ಕರಿಯರ ಮತದಾನದ ಹಕ್ಕಿಗೆ ಬೆಂಬಲವಿತ್ತರು. ಆದರೆ ನಂಬಿದವರ ಭ್ರಷ್ಟಾಚಾರ ಅವರ ಆಡಳಿತಕ್ಕೆ ಮಸಿ ಬಳಿಯಿತು. ಬಳಿಕ ವಿಶ್ವಪರ್ಯಟನೆಗೆ ಹೊರಟು, 1879ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಳಿದು ಆಗ್ರಾ, ದೆಹಲಿ, ಕಲಕತ್ತೆಗಳನ್ನು ಕಂಡರು.

1884ರಲ್ಲಿ ಪಾಲುದಾರನ ವಂಚನೆಯಿಂದ ಸರ್ವಸ್ವವೂ ನಾಶವಾಯಿತು. ಗಂಟಲಿಗೆ ಕ್ಯಾನ್ಸರ್ ತಗುಲಿತು. ಪತ್ನಿ ಜೂಲಿಯಾ ನಿರ್ಗತಿಕಳಾಗಬಾರದೆಂದು ನೋವನ್ನು ನುಂಗಿ ಆತ್ಮಕಥೆ ಬರೆದರು. ಅದನ್ನು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ಕಣ್ಮುಚ್ಚಿದರು. ಸಾಹಿತಿ ಮಾರ್ಕ್ ಟ್ವೇನ್ ಅವರ ಪ್ರಕಾಶನ ಸಂಸ್ಥೆ ಹೊರತಂದ ಆ ಕೃತಿಯಿಂದ ಕುಟುಂಬಕ್ಕೆ 4 ಲಕ್ಷ ಡಾಲರುಗಳಿಗೂ ಮಿಗಿಲಾದ ಗೌರವಧನ ಸಂದಿತು.

6 ಲಕ್ಷಕ್ಕೂ ಹೆಚ್ಚು ಯೋಧರನ್ನು ಬಲಿಪಡೆದ ಸಮರ ಮುಗಿಯುತ್ತಿದ್ದ ದಿನ, ಗೆದ್ದಾತ ಯೋಚಿಸಿದ್ದು ಸೋತವರ ಹೊಲದ ಉಳುಮೆಯನ್ನು. ಗ್ರಾಂಟ್ ಅವರ ಹಲವು ವಿಜಯಗಳಿಗಿಂತ ಈ ಒಂದು ಯೋಚನೆಯೇ ನಮಗೆ ಹಿರಿದಾಗಿ ತೋರುತ್ತದೆ.