ಒಂದು ಪದಕ್ಕಾಗಿ ಐದು ಗಡಿಪಾರು: ಸಂತ ಅಥನಾಸಿಯುಸರ ಬಾಳು

ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದೊಡನೆ ನಾವೆಲ್ಲರೂ ಎದ್ದುನಿಂತು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಬಾಯಿಪಾಠವಾದ ಮಾತು ತಾನೇ ತಾನಾಗಿ ಹರಿಯುತ್ತದೆ. ಮನಸ್ಸು ಮಾತ್ರ ಮನೆಯ ಒಲೆಯ ಕಡೆಗೋ ಮಧ್ಯಾಹ್ನ ಬರಲಿರುವ ಬಂಧುಗಳ ಕಡೆಗೋ ಹೋಗಿರುತ್ತದೆ. ಇದನ್ನು ಆಕ್ಷೇಪಿಸುವ ಅರ್ಹತೆ ನಮಗಿಲ್ಲ. ಪೀಠದ ಬಳಿ ನಿಂತಿರುವ ನಾವೂ ಎಷ್ಟೋ ಸಲ ಆ ಪಾಠವನ್ನು ಹಾಗೆಯೇ ಮುಗಿಸಿದ್ದೇವೆ. ಆದರೆ ಅದರ ನಡುವೆ, ಸುತನು ಪಿತನೊಂದಿಗೆ ಒಂದೇ ಸತ್ವದವನು ಎಂಬ ಅರ್ಥದ ಒಂದು ಚಿಕ್ಕ ಮಾತು ಬರುತ್ತದೆ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ದಾಟಿಹೋಗುವ ಆ ಮಾತಿಗಾಗಿ ಒಬ್ಬ ಬಿಷಪರು ತಮ್ಮ 45 ವರ್ಷಗಳ ಅಧಿಕಾರಾವಧಿಯಲ್ಲಿ ಸುಮಾರು 17 ವರ್ಷಗಳನ್ನು ಊರ ಹೊರಗೆ ಕಳೆದರು. ನಾಲ್ವರು ಚಕ್ರವರ್ತಿಗಳು ಅವರನ್ನು ಒಟ್ಟು ಐದು ಬಾರಿ ಅಟ್ಟಿದರು. ಮೇ 2ರಂದು ಧರ್ಮಸಭೆ ಹಬ್ಬವಾಗಿ ಆಚರಿಸುವ ಅಲೆಕ್ಸಾಂಡ್ರಿಯದ ಸಂತ ಅಥನಾಸಿಯುಸರೇ ಆ ಬಿಷಪರು.

ಅವರು ಹುಟ್ಟಿದ್ದು ಮೂರನೆಯ ಶತಮಾನದ ಕೊನೆಯಲ್ಲಿ, ಸುಮಾರು 296ರಿಂದ 298ರ ನಡುವೆ. ನೈಲ್ ನದಿಯ ಗೋಧಿಯನ್ನು ಹಡಗುಗಳಲ್ಲಿ ತುಂಬಿ ಹೊರಗೆ ಕಳುಹಿಸುತ್ತಿದ್ದ ಅಲೆಕ್ಸಾಂಡ್ರಿಯವು ಗ್ರೀಕರು, ಯೆಹೂದ್ಯರು, ಈಜಿಪ್ಟಿನವರು ಒಟ್ಟಿಗೆ ಬಾಳುತ್ತಿದ್ದ ವಿದ್ಯಾನಗರ. ಅಥನಾಸಿಯುಸರ ಬಾಲ್ಯದಲ್ಲಿಯೇ ದಯೋಕ್ಲೇಸಿಯನ್ ಚಕ್ರವರ್ತಿಯ ಹಿಂಸಾಚಾರ ಆರಂಭವಾಯಿತು. ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ ನೆನಪು ಅವರ ಕಾಲದ ಮನೆಮನೆಗಳಲ್ಲಿಯೂ ಹಸಿಯಾಗಿತ್ತು. ಸಮುದ್ರದ ದಡದಲ್ಲಿ ಬಾಲಕ ಅಥನಾಸಿಯುಸ್ ಗೆಳೆಯರಿಗೆ ಸ್ನಾನದೀಕ್ಷೆ ಕೊಡುವ ಆಟವಾಡುತ್ತಿದ್ದುದನ್ನು ಬಿಷಪ್ ಅಲೆಕ್ಸಾಂಡರ್ ಕಂಡು, ಅವನನ್ನು ಕರೆತಂದು ಸಾಕಿದರೆಂಬ ಕಥೆಯೊಂದುಂಟು. ಕಥೆ ಮುದ್ದಾಗಿದೆ, ವರ್ಷಗಳ ಲೆಕ್ಕ ಮಾತ್ರ ಹೊಂದುವುದಿಲ್ಲ. ಆತ ಅದೇ ಬಿಷಪರ ಡೀಕನ್ ಹಾಗೂ ಕಾರ್ಯದರ್ಶಿಯಾಗಿ ಬೆಳೆದುದು ಮಾತ್ರ ನಿಜ.

ಅದೇ ನಗರದ ಬೌಕಾಲಿಸ್ ಎಂಬ ದೇವಾಲಯದಲ್ಲಿ ಆರಿಯುಸ್ ಎಂಬ ಯಾಜಕನಿದ್ದ. ವಯಸ್ಸಾದವನು, ವ್ರತನಿಷ್ಠ, ಒಳ್ಳೆಯ ಮಾತುಗಾರ. ತನ್ನ ಬೋಧನೆಯನ್ನು ಹಾಡುಗಳಾಗಿ ಕಟ್ಟಿ ಜನರ ನಾಲಗೆಯ ಮೇಲೆ ಕುಳ್ಳಿರಿಸಬಲ್ಲ ಜಾಣ. ಪಾಷಂಡಿಯೆಂದೊಡನೆ ಕೇಡಿಗನೊಬ್ಬನನ್ನು ಕಣ್ಣೆದುರು ತಂದುಕೊಳ್ಳುವುದು ನಮ್ಮ ಅಭ್ಯಾಸ. ಆರಿಯುಸನ ವಿಷಯದಲ್ಲಿ ಅದು ನ್ಯಾಯವಲ್ಲ. ಅವನಿಗಿದ್ದುದು ದೇವರ ಏಕತ್ವದ ಚಿಂತೆ. ದೇವರು ಆದಿಯಿಲ್ಲದವನು, ಹಂಚಲಾಗದವನು, ಹುಟ್ಟಿದ್ದೆಲ್ಲಕ್ಕೂ ಆರಂಭವುಂಟು, ಸುತನು ಜನಿಸಿದವನು, ಆದುದರಿಂದ ಸುತನಿಗೂ ಆರಂಭವುಂಟು, ಎಂದರೆ ಅವನು ಸೃಷ್ಟಿಗಳಲ್ಲೆಲ್ಲ ಮೊದಲನೆಯವನು, ಶ್ರೇಷ್ಠನು, ಆದರೂ ಸೃಷ್ಟಿಯೇ. ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣದು. ಸೆಮಿನರಿಯ ತತ್ವಶಾಸ್ತ್ರದ ತರಗತಿಯಲ್ಲಿ ಇದನ್ನು ಮೊದಲ ಬಾರಿಗೆ ಓದಿದಾಗ ನಮ್ಮಲ್ಲಿ ಹಲವರಿಗೆ ಆರಿಯುಸನೇ ಗೆದ್ದನೆಂದು ತೋರಿತ್ತು. ನಾವು ಅದನ್ನು ಗುರುಗಳೆದುರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಅಥನಾಸಿಯುಸರು ಪ್ರಶ್ನೆಯನ್ನು ಬೇರೊಂದು ತುದಿಯಿಂದ ಹಿಡಿದರು. ಅವರು ಕೇಳಿದ್ದು ದೇವರು ಎಷ್ಟು ಎಂಬ ಲೆಕ್ಕವನ್ನಲ್ಲ. ನಮ್ಮನ್ನು ರಕ್ಷಿಸಿದವನು ಯಾರು ಎಂಬುದನ್ನು. ಮನುಷ್ಯನು ಸಾವಿನ ಕಡೆಗೆ ಜಾರುತ್ತಿದ್ದಾನೆ. ಅವನನ್ನು ದೇವರ ಜೀವಕ್ಕೆ ಸೇರಿಸಬೇಕಾದರೆ, ಸೇರಿಸುವವನಲ್ಲಿ ಆ ಜೀವ ಸ್ವಂತವಾಗಿರಬೇಕು. ಬಾವಿಗೆ ಬಿದ್ದವನನ್ನು ಬಾವಿಗೆ ಬಿದ್ದ ಇನ್ನೊಬ್ಬನು, ಅವನು ಎಷ್ಟೇ ಬಲಶಾಲಿಯಾದರೂ, ಮೇಲೆತ್ತಲಾರ. ಯೇಸುಕ್ರಿಸ್ತರು ಸೃಷ್ಟಿಯೇ ಆಗಿದ್ದರೆ ನಾವು ಇನ್ನೂ ಬಾವಿಯಲ್ಲಿಯೇ ಇದ್ದೇವೆ. ಇದರೊಂದಿಗೆ ಇನ್ನೊಂದು ವಾದ, ನಮ್ಮ ಹಿರಿಯರಿಗೂ ಸುಲಭವಾಗಿ ತಿಳಿಯುವಂಥದು: ಕ್ರೈಸ್ತರು ಕ್ರಿಸ್ತರನ್ನು ಆರಾಧಿಸುತ್ತಾರೆ, ಅವರ ಹೆಸರಿನಲ್ಲಿ ಸ್ನಾನದೀಕ್ಷೆ ಪಡೆಯುತ್ತಾರೆ. ಕ್ರಿಸ್ತರು ಸೃಷ್ಟಿಯಾದರೆ ನಾವೆಲ್ಲ ಸೃಷ್ಟಿಯನ್ನು ಪೂಜಿಸುವವರಾದೆವು. ಪಂಡಿತರ ತರ್ಕಕ್ಕಿಂತ ದೇವಾಲಯದಲ್ಲಿ ಮಂಡಿಯೂರಿದ ಜನರ ಪ್ರಾರ್ಥನೆಯೇ ಅವರಿಗೆ ಗಟ್ಟಿಯಾದ ಪ್ರಮಾಣವಾಗಿತ್ತು.

325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಇಂದಿನ ಟರ್ಕಿಯಲ್ಲಿರುವ ನೈಸಿಯದಲ್ಲಿ ಬಿಷಪರ ಮಹಾಸಭೆಯನ್ನು ಕರೆಸಿದ. ಪರಂಪರೆಯ ಲೆಕ್ಕದಂತೆ 318 ಮಂದಿ ಸೇರಿದ್ದರು. ಯುವಕ ಅಥನಾಸಿಯುಸರು ತಮ್ಮ ಬಿಷಪರ ಜೊತೆ ಹೋಗಿದ್ದರು. ಸಭೆಯು ಮೊದಲು ಪವಿತ್ರ ಗ್ರಂಥದ ಮಾತುಗಳಲ್ಲಿಯೇ ವಿಶ್ವಾಸವನ್ನು ನಿರೂಪಿಸಲು ಯತ್ನಿಸಿತು. ಆದರೆ ಯಾವ ವಾಕ್ಯವನ್ನು ಮುಂದಿಟ್ಟರೂ ಆರಿಯುಸನ ಬೆಂಬಲಿಗರು ಪರಸ್ಪರ ಕಣ್ಸನ್ನೆ ಮಾಡಿ, ಅದಕ್ಕೆ ತಮಗೆ ಅನುಕೂಲವಾದ ಅರ್ಥವನ್ನು ಹೊಂದಿಸಿಕೊಳ್ಳುತ್ತಿದ್ದರೆಂದು ಅಥನಾಸಿಯುಸರೇ ಮುಂದೆ ಬರೆದಿದ್ದಾರೆ. ಕೊನೆಗೆ ಗ್ರಂಥದಲ್ಲಿಲ್ಲದ ಒಂದು ಗ್ರೀಕ್ ಪದವನ್ನು ಸಭೆ ಆರಿಸಿಕೊಂಡಿತು: ಹೋಮೋಊಸಿಯೋಸ್, ಎಂದರೆ ಒಂದೇ ಸತ್ವದವನು. ಪದವೇನೂ ನಿರಾಳವಾದುದಾಗಿರಲಿಲ್ಲ. ಬೇರೊಂದು ಅರ್ಥದಲ್ಲಿ ಬಳಕೆಯಾದುದಕ್ಕಾಗಿ 268ರಲ್ಲಿ ಅಂತಿಯೋಕ್ಯದ ಸಭೆಯೊಂದು ಅದನ್ನು ತಳ್ಳಿಹಾಕಿತ್ತು. ನಮ್ಮ ಕನ್ನಡದಲ್ಲಿಯೂ ಸತ್ವವೆಂದರೆ ಒಬ್ಬರಿಗೆ ರಾಗಿಯಲ್ಲಿರುವ ಪುಷ್ಟಿ, ಇನ್ನೊಬ್ಬರಿಗೆ ಸಾಂಖ್ಯರ ಮೂರು ಗುಣಗಳಲ್ಲೊಂದು. ಗ್ರೀಕರ ಪಾಡೂ ಹಾಗೆಯೇ ಇತ್ತು. ಕೊನೆಗೆ ಇಬ್ಬರು ಬಿಷಪರು ಮಾತ್ರ ಸಹಿ ಹಾಕಲೊಪ್ಪದೆ ಆರಿಯುಸನೊಂದಿಗೆ ಗಡಿಪಾರಾದರು. ಉಳಿದವರು ಸಹಿ ಹಾಕಿ ಊರಿಗೆ ಮರಳಿದರು. ಎಲ್ಲರೂ ಒಂದೇ ಮನಸ್ಸಿನಿಂದ ಮರಳಿದರೆಂದು ಮಾತ್ರ ಹೇಳುವಂತಿಲ್ಲ.

328ರಲ್ಲಿ ಅಲೆಕ್ಸಾಂಡರ್ ತೀರಿಕೊಂಡರು, ಅಥನಾಸಿಯುಸರು ಬಿಷಪರಾದರು. ವಯಸ್ಸು ಸಾಲದೆಂದು ವಿರೋಧಿಗಳು ಆಗಲೇ ತಕರಾರು ತೆಗೆದಿದ್ದರು. ಹಿಂಸಾಚಾರದ ಕಾಲದಲ್ಲಿ ಹಿಂಜರಿದವರನ್ನು ಮತ್ತೆ ಸೇರಿಸಿಕೊಳ್ಳುವ ವಿಷಯದಲ್ಲಿ ಮುನಿದು ಪ್ರತ್ಯೇಕವಾಗಿದ್ದ ಮೆಲೀಸಿಯನ್ ಬಣವೂ ಅವರೊಂದಿಗೆ ಕೂಡಿಕೊಂಡಿತು. 335ರಲ್ಲಿ ತೂರಿನ ಸಭೆಯಲ್ಲಿ ಅಥನಾಸಿಯುಸರ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಒಂದು ವಿಚಿತ್ರವಾದುದು. ಆರ್ಸೆನಿಯುಸ್ ಎಂಬ ಬಿಷಪರನ್ನು ಕೊಲ್ಲಿಸಿ, ಅವರ ಕೈಯನ್ನು ಕತ್ತರಿಸಿ ಮಾಟಕ್ಕೆ ಬಳಸಿದರೆಂಬುದು ಅದು. ಆರೋಪಿಗಳು ಒಂದು ಕೈಯನ್ನೂ ತಂದು ತೋರಿಸಿದರಂತೆ. ಆರ್ಸೆನಿಯುಸರು ಜೀವಂತವಾಗಿಯೇ ಇದ್ದರು. ಅಥನಾಸಿಯುಸರು ಅವರನ್ನು ಹುಡುಕಿಸಿ, ಮೇಲಂಗಿ ಹೊದಿಸಿ ಸಭೆಗೆ ಕರೆತಂದು, ಮೊದಲು ಒಂದು ಕೈಯನ್ನೂ ಬಳಿಕ ಇನ್ನೊಂದನ್ನೂ ಹೊರತೆಗೆದು ತೋರಿಸಿ, ಮೂರನೆಯದು ಎಲ್ಲಿ ಬೆಳೆದಿತ್ತೆಂದು ಕೇಳಿದರೆಂಬುದು ಹಳೆಯ ಇತಿಹಾಸಕಾರರು ಸವಿದು ಹೇಳುವ ಪ್ರಸಂಗ. ಆದರೂ ಸಭೆ ಅವರನ್ನು ಪದಚ್ಯುತಗೊಳಿಸಿತು. ಅವರು ಕಾನ್‌ಸ್ಟಂಟಿನೋಪಲಿಗೆ ಹೋಗಿ ಚಕ್ರವರ್ತಿಯಲ್ಲಿ ದೂರಿಕೊಂಡರು. ಆಗ ವಿರೋಧಿಗಳು ಕೈಯ ವಿಷಯವನ್ನು ಕೈಬಿಟ್ಟು, ಅಲೆಕ್ಸಾಂಡ್ರಿಯದಿಂದ ಬರುವ ಗೋಧಿ ಹಡಗುಗಳನ್ನು ತಡೆಯುವುದಾಗಿ ಅವರು ಬೆದರಿಸಿದ್ದಾರೆಂದು ಹೊಸ ದೂರು ಹೂಡಿದರು. ರಾಜಧಾನಿಯ ಅನ್ನದ ಮಾತು ಬಂದ ಮೇಲೆ ದೈವಶಾಸ್ತ್ರವನ್ನು ಯಾರು ಕೇಳುತ್ತಾರೆ? ಅವರು ಇಂದಿನ ಜರ್ಮನಿಯಲ್ಲಿರುವ ಟ್ರಿಯರ್ ನಗರಕ್ಕೆ ಗಡಿಪಾರಾದರು.

ಇಲ್ಲಿ ಒಂದು ಕಹಿಯಾದ ಮಾತನ್ನೂ ಹೇಳಬೇಕು. ಈಜಿಪ್ಟಿನ ಮರಳಿನಲ್ಲಿ ಉಳಿದು, 1924ರಲ್ಲಿ ಪ್ರಕಟವಾದ ಒಂದು ಪಪೈರಸ್ ಪತ್ರದಲ್ಲಿ, ಅದೇ 335ರ ಸುಮಾರಿಗೆ ಅಥನಾಸಿಯುಸರ ಪಕ್ಷದವರು ಮೆಲೀಸಿಯನ್ನರನ್ನು ಹೊಡೆದು ಗಾಯಗೊಳಿಸಿದ ವೃತ್ತಾಂತವಿದೆ. ಬರೆದವರು ವಿರೋಧಿ ಬಣದವರು, ನಿಜ; ಆದರೂ ಅದು ಖಾಸಗಿ ಪತ್ರ, ಪ್ರಚಾರಕ್ಕಾಗಿ ಬರೆದುದಲ್ಲ. ಅಥನಾಸಿಯುಸರು ಮೃದುಸ್ವಭಾವದವರಾಗಿರಲಿಲ್ಲ. ಅವರ ಲೇಖನಿಯೂ ಎದುರಾಳಿಗಳ ವಿಷಯದಲ್ಲಿ ಕಟುವಾದುದು. ಸಂತರ ಜೀವನವನ್ನು ಜೇನಿನಲ್ಲಿ ಅದ್ದಿ ಕೊಡುವುದು ನಮ್ಮ ಪುಸ್ತಕಗಳ ರೂಢಿ. ಅದು ಓದುಗರಿಗೂ ಸಂತರಿಗೂ ಮಾಡುವ ಉಪಕಾರವಲ್ಲವೆಂದು ನಮ್ಮ ಅಭಿಪ್ರಾಯ.

337ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ ಮೇಲೆ ಅವರು ಮರಳಿದರು; 339ರಲ್ಲಿ ಮತ್ತೆ ಹೊರಗೆ. ಈ ಬಾರಿ ರೋಮಿನಲ್ಲಿ ಪೋಪ್ ಒಂದನೆಯ ಜೂಲಿಯುಸರು ಅವರ ಪಕ್ಷ ವಹಿಸಿದರು. 346ರಲ್ಲಿ ಅಲೆಕ್ಸಾಂಡ್ರಿಯಕ್ಕೆ ಹಿಂತಿರುಗಿದಾಗ ಜನರು ಊರಾಚೆ ಬಹುದೂರ ಬಂದು ಎದುರುಗೊಂಡರು. ಮುಂದಿನ ಹತ್ತು ವರ್ಷಗಳಷ್ಟೇ ಅವರು ತಮ್ಮ ಜನರ ನಡುವೆ ಒಂದೇ ಸಮನೆ ಇದ್ದ ಕಾಲ. ಇಥಿಯೋಪಿಯದ ಅಕ್ಸುಮಿಗೆ ಫ್ರುಮೆನ್ಸಿಯುಸರನ್ನು ಬಿಷಪರಾಗಿ ಅಭಿಷೇಕಿಸಿ ಕಳುಹಿಸಿದವರು ಅಥನಾಸಿಯುಸರೇ. ಆ ನಾಡಿನ ಧರ್ಮಸಭೆಗೂ ಅಲೆಕ್ಸಾಂಡ್ರಿಯಕ್ಕೂ ಅಂದು ಬೆಸೆದ ನಂಟು 20ನೆಯ ಶತಮಾನದವರೆಗೂ ನಡೆದುಬಂದಿತು.

356ರ ಫೆಬ್ರವರಿಯ ಒಂದು ರಾತ್ರಿ ಥೆಯೋನಾಸ್ ದೇವಾಲಯದಲ್ಲಿ ಜಾಗರಣೆ ನಡೆದಿತ್ತು. ಸಿರಿಯಾನುಸ್ ಎಂಬ ದಂಡನಾಯಕನು ಐದು ಸಾವಿರಕ್ಕೂ ಹೆಚ್ಚು ಸೈನಿಕರೊಂದಿಗೆ ದೇವಾಲಯವನ್ನು ಸುತ್ತುವರಿದನೆಂದು ಅಥನಾಸಿಯುಸರು ಬರೆದಿದ್ದಾರೆ. ಅವರು ತಮ್ಮ ಪೀಠದಿಂದ ಏಳಲಿಲ್ಲ. ಡೀಕನ್ನರಿಗೆ ಕೀರ್ತನೆಯನ್ನು ಓದಲು ಹೇಳಿದರು. ಜನರು ಪಲ್ಲವಿಯನ್ನು ಹೇಳತೊಡಗಿದರು. ಬಾಗಿಲು ಮುರಿದು ಸೈನಿಕರು ನುಗ್ಗಿದರು. ಜನರೆಲ್ಲ ಹೊರಬೀಳುವವರೆಗೆ ತಾವು ಕದಲುವುದಿಲ್ಲವೆಂದು ಬಿಷಪರು ಹಟ ಹಿಡಿದಾಗ, ಗುರುಗಳೂ ಸನ್ಯಾಸಿಗಳೂ ಸೇರಿ ಅವರನ್ನು ಎಳೆದುಕೊಂಡು ಕತ್ತಲಲ್ಲಿ ಮರೆಯಾದರು. ಮುಂದೆ ಆರು ವರ್ಷ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಅವರನ್ನು ಅಡಗಿಸಿಟ್ಟರು. ಸಂತ ಅಂತೋಣಿ ಮಠಾಧಿಪತಿಗಳ ಜೀವನಚರಿತ್ರೆ ಹುಟ್ಟಿದ್ದು ಈ ಅಜ್ಞಾತವಾಸದ ದಿನಗಳಲ್ಲಿ. ಮೂವತ್ತು ವರ್ಷಗಳ ಬಳಿಕ ಮಿಲಾನಿನಲ್ಲಿದ್ದ ಅಗಸ್ತೀನನೆಂಬ ಅಧ್ಯಾಪಕನ ಮನಃಪರಿವರ್ತನೆಗೆ ಆ ಪುಸ್ತಕದ ಸುದ್ದಿಯೂ ಒಂದು ಕಾರಣವಾಯಿತು.

ಹೊರಗೆ ಒಬ್ಬೊಬ್ಬರಾಗಿ ಎಲ್ಲರೂ ಮಣಿಯುತ್ತಿದ್ದರು. ನೈಸಿಯದ ಮಹಾಸಭೆಯ ಹಿರಿಯರಾಗಿದ್ದ ಕೊರ್ದೋವದ ಹೋಸಿಯುಸರು, ಸುಮಾರು ನೂರು ವರ್ಷದ ಮುದುಕರು, 357ರಲ್ಲಿ ಒತ್ತಡಕ್ಕೆ ಸಿಲುಕಿ ಆರಿಯುಸನ ಪಕ್ಷದ ಸೂತ್ರಕ್ಕೆ ಸಮ್ಮತಿ ಕೊಟ್ಟರು. ಗಡಿಪಾರಾಗಿದ್ದ ಪೋಪ್ ಲಿಬೇರಿಯುಸರೂ ಅಥನಾಸಿಯುಸರಿಂದ ದೂರ ಸರಿಯಬೇಕಾಯಿತು. 359ರಲ್ಲಿ ರಿಮಿನಿಯಲ್ಲಿ ಸೇರಿದ ಬಿಷಪರ ಮೇಲೆ ಕಾನ್‌ಸ್ಟಂಷಿಯುಸ್ ಚಕ್ರವರ್ತಿಯು, ಸತ್ವವೆಂಬ ಪದವನ್ನೇ ಕೈಬಿಟ್ಟ ಒಂದು ಸೂತ್ರವನ್ನು ಹೇರಿದ. ತಮ್ಮನ್ನು ತೊರೆದ ಆ ಮುದುಕ ಬಿಷಪರನ್ನೂ ಪೋಪರನ್ನೂ ಕುರಿತು ಅಥನಾಸಿಯುಸರು ಬರೆದಾಗ, ಬೆದರಿಸಿದವರ ಮೇಲೆ ದೋಷ ಹೊರಿಸಿದರೇ ಹೊರತು ಬಳಲಿದವರ ಮೇಲಲ್ಲ. ಕಟು ಲೇಖನಿಯೆಂದು ಈಗತಾನೆ ಹೇಳಿದ ನಾವು ಇದನ್ನೂ ಹೇಳಬೇಕಾದುದು ನ್ಯಾಯ.

362ರಲ್ಲಿ ಊರಿಗೆ ಮರಳಿದ ಅವರು ಒಂದು ಚಿಕ್ಕ ಸಭೆಯನ್ನು ಕರೆದರು. ಅವರ ಬಾಳಿನ ಅತಿ ದೊಡ್ಡ ಕಾರ್ಯ ಇದೇ ಎಂದು ನಾವು ತಿಳಿಯುತ್ತೇವೆ. ಆ ಹೊತ್ತಿಗೆ ನೈಸಿಯವನ್ನು ಒಪ್ಪಿದವರಲ್ಲಿಯೇ ಜಗಳವೆದ್ದಿತ್ತು. ದೇವರಲ್ಲಿ ಮೂರು ಹಿಪೋಸ್ಟಾಸಿಸ್ ಎಂದು ಕೆಲವರು, ಒಂದೇ ಹಿಪೋಸ್ಟಾಸಿಸ್ ಎಂದು ಕೆಲವರು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಪಾಷಂಡಿಗಳು. ಪದಕ್ಕಾಗಿ ಮೂವತ್ತು ವರ್ಷ ಅಲೆದ ಅಥನಾಸಿಯುಸರು ಇಲ್ಲಿ ಯಾವ ಪದವನ್ನೂ ಹೇರಲಿಲ್ಲ. ಮೂರು ಎನ್ನುವವರನ್ನು ಕೂರಿಸಿಕೊಂಡು ಅವರ ಮಾತಿನ ಅರ್ಥವನ್ನು ವಿಚಾರಿಸಿದರು: ಮೂವರು ದೇವರೆಂದಲ್ಲ, ಪಿತ, ಸುತ, ಪವಿತ್ರಾತ್ಮರು ನಿಜವಾಗಿಯೂ ಮೂವರೆಂದು ಅವರ ಅರ್ಥ. ಒಂದು ಎನ್ನುವವರನ್ನು ವಿಚಾರಿಸಿದರು: ಮೂವರ ಸತ್ವ ಒಂದೇ ಎಂದು ಅವರ ಅರ್ಥ. ಇಬ್ಬರ ವಿಶ್ವಾಸವೂ ಒಂದೇ, ಪದಗಳಷ್ಟೇ ಬೇರೆ ಎಂದು ಸಭೆ ಕಂಡುಕೊಂಡಿತು. ಇದಕ್ಕೂ ಮೂರು ವರ್ಷ ಮೊದಲೇ, ಒಂದೇ ಸತ್ವ ಎನ್ನಲು ಅಳುಕಿ ಹೋಲುವ ಸತ್ವ ಎನ್ನುತ್ತಿದ್ದ ಬಿಷಪರನ್ನು ಅವರು ಸೋದರರೆಂದೇ ಕಂಡಿದ್ದರು. ಆರಿಯುಸನ ವಿಷಯದಲ್ಲಿ ಅವರು ಎಳ್ಳಷ್ಟೂ ಬಿಡದಿದ್ದುದು ಅಲ್ಲಿ ಅರ್ಥವೇ ಬೇರೆಯಾಗಿತ್ತೆಂಬುದಕ್ಕೆ. ಪೂಜೆ ಯಾವ ಭಾಷೆಯಲ್ಲಿ ಆಗಬೇಕು, ಹಬ್ಬದ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದಕ್ಕೆ ನಮ್ಮ ಧರ್ಮಕೇಂದ್ರಗಳಲ್ಲಿ ಎದ್ದ ಕಲಹಗಳನ್ನು ಸಂಧಾನಕ್ಕೆ ಕುಳಿತು ಕಂಡ ನಮಗೆ, ಆ ಸಭೆಯ ತಾಳ್ಮೆ ಎಷ್ಟು ದುಬಾರಿಯಾದುದೆಂದು ಗೊತ್ತು. ಎಲ್ಲವೂ ಸುಖಾಂತವಾಗಲಿಲ್ಲ. ಅಂತಿಯೋಕ್ಯದ ಒಡಕನ್ನು ಮುಚ್ಚಲು ಅವರು ಪತ್ರ ಕಳುಹಿಸಿದರೆ, ಅದು ತಲಪುವ ಮೊದಲೇ ಆತುರದ ಬಿಷಪರೊಬ್ಬರು ಒಂದು ಗುಂಪಿಗೆ ಹೊಸ ಬಿಷಪರನ್ನು ಅಭಿಷೇಕಿಸಿಬಿಟ್ಟಿದ್ದರು. ಆ ಒಡಕು ಅವರ ಕಾಲದಲ್ಲಿ ಮುಚ್ಚಲೇ ಇಲ್ಲ.

ಅದೇ ವರ್ಷ ಜೂಲಿಯನ್ ಚಕ್ರವರ್ತಿಯು ಅವರನ್ನು ಮತ್ತೆ ಹೊರದೂಡಿದ. ನೈಲ್ ನದಿಯಲ್ಲಿ ಬೆನ್ನಟ್ಟಿ ಬಂದ ದೋಣಿಗೆ ಎದುರಾಗಿ ತಾವೇ ದೋಣಿ ತಿರುಗಿಸಿಕೊಂಡು ಬಂದು, ಅಥನಾಸಿಯುಸ್ ಇಲ್ಲೇ ಹತ್ತಿರದಲ್ಲಿದ್ದಾನೆಂಬ ಸತ್ಯವನ್ನೇ ಅವರಿಗೆ ತಿಳಿಸಿ ಪಾರಾದರೆಂಬ ಕಥೆ ಈ ಕಾಲದ್ದು. 365ರಲ್ಲಿ ವಾಲೆನ್ಸ್ ಚಕ್ರವರ್ತಿಯಿಂದ ಐದನೆಯದು, ಕೆಲವು ತಿಂಗಳು ಮಾತ್ರ. 367ರ ಪಾಸ್ಖ ಪತ್ರದಲ್ಲಿ ಅವರು ಪವಿತ್ರ ಗ್ರಂಥದ ಪುಸ್ತಕಗಳನ್ನು ಹೆಸರಿಸಿದರು. ನಮ್ಮ ಮನೆಗಳಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳು, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಒಂದು ಪಟ್ಟಿಯಾಗಿ ನಮಗೆ ಮೊದಲು ದೊರೆಯುವುದು ಆ ಪತ್ರದಲ್ಲಿಯೇ.

373ರ ಮೇ 2ರಂದು ಅವರು ತಮ್ಮ ನಗರದಲ್ಲಿಯೇ ತೀರಿಕೊಂಡರು. ಆಗಲೂ ಸಿಂಹಾಸನದ ಮೇಲಿದ್ದವನು ವಾಲೆನ್ಸನೇ. ಅವರ ಉತ್ತರಾಧಿಕಾರಿ ಪೇತ್ರರು ಕೂಡಲೇ ರೋಮಿಗೆ ಓಡಿಹೋಗಬೇಕಾಯಿತು. ನೈಸಿಯದ ವಿಶ್ವಾಸವನ್ನು ಕಾನ್‌ಸ್ಟಂಟಿನೋಪಲಿನ ಮಹಾಸಭೆ ಸ್ಥಿರೀಕರಿಸಿದ್ದು ಎಂಟು ವರ್ಷಗಳ ನಂತರ, 381ರಲ್ಲಿ. ಅವರ ಅವಶೇಷಗಳು ಕಾಲಾಂತರದಲ್ಲಿ ವೆನಿಸ್ ನಗರವನ್ನು ಸೇರಿದವು. 451ರ ಕಾಲ್ಸೆಡೋನ್ ಮಹಾಸಭೆಯ ತರುವಾಯ ಈಜಿಪ್ಟಿನ ಕೋಪ್ಟಿಕ್ ಧರ್ಮಸಭೆಯೂ ನಮ್ಮದೂ ಬೇರೆ ಬೇರೆ ದಾರಿ ಹಿಡಿದಿದ್ದವು. ಅಲ್ಲಿಯೂ ಜಗಳ ಒಂದು ಗ್ರೀಕ್ ಪದದ ಸುತ್ತಲೇ ಇತ್ತು. 1973ರ ಮೇ ತಿಂಗಳಲ್ಲಿ, ಅಥನಾಸಿಯುಸರ 1600ನೆಯ ಪುಣ್ಯತಿಥಿಯ ವರ್ಷ, ಕೋಪ್ಟಿಕ್ ಪೋಪ್ ಮೂರನೆಯ ಶೆನೂದರು ರೋಮಿಗೆ ಬಂದರು. ಕ್ರಿಸ್ತರ ಕುರಿತ ಸಮಾನ ವಿಶ್ವಾಸದ ಘೋಷಣೆಗೆ ಅವರೂ ಪೋಪ್ ಆರನೆಯ ಪೌಲರೂ ಸಹಿ ಹಾಕಿದರು. ಹೊರಡುವಾಗ ಶೆನೂದರು ಸಂತ ಅಥನಾಸಿಯುಸರ ಅವಶೇಷದ ಒಂದು ಭಾಗವನ್ನು ಈಜಿಪ್ಟಿಗೆ ಕೊಂಡೊಯ್ದರು. ಅದು ಇಂದು ಕೈರೋ ನಗರದ ಕೋಪ್ಟಿಕ್ ಪ್ರಧಾನಾಲಯದಲ್ಲಿದೆ.