ಹಳೆಯ ಕಾರು, ಹೊಸ ಕಾರು: ಬ್ರೂಸ್ ಮೆಕ್‌ಲಾರೆನ್

ಹಳೆಯ ಮನೆಯನ್ನು ದುರಸ್ತಿ ಮಾಡಿಸುವುದೋ, ಕೆಡವಿ ಹೊಸದಾಗಿ ಕಟ್ಟುವುದೋ ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಸಂಸಾರಸ್ಥನಾದವನಿಗೆ ಒಂದಲ್ಲ ಒಂದು ದಿನ ಎದುರಾಗಿಯೇ ತೀರುತ್ತದೆ. ಮೋಟಾರು ಪಂದ್ಯಗಳ ಲೋಕದಲ್ಲಿಯೂ ಈ ಪ್ರಶ್ನೆ ಉಂಟು. ಇದ್ದ ಕಾರನ್ನೇ ತಿದ್ದಿ ಓಡಿಸುವುದೇ, ಅಥವಾ ಚಾಸಿಯಿಂದ ಮೊದಲುಗೊಂಡು ಹೊಸದನ್ನೇ ನಿರ್ಮಿಸುವುದೇ? ಈ ಪ್ರಶ್ನೆಯೊಡನೆ ಬಾಳೆಲ್ಲ ಸೆಣಸಿದವನು ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್.

ಆತನು ಜನಿಸಿದ್ದು 1937ರ ಆಗಸ್ಟ್ 30ರಂದು, ಆಕ್ಲೆಂಡ್ ನಗರದಲ್ಲಿ. ತಂದೆ ಲೆಸ್ ಮೆಕ್‌ಲಾರೆನ್ ಪೆಟ್ರೋಲ್ ಬಂಕನ್ನೂ ಗ್ಯಾರೇಜನ್ನೂ ನಡೆಸುತ್ತಿದ್ದನು. ಬಾಲಕ ಬ್ರೂಸನಿಗೆ ಒಂಬತ್ತು ವರ್ಷವಾದಾಗ ಸೊಂಟದ ಕೀಲಿಗೆ ಪರ್ಥೆಸ್ ಎಂಬ ರೋಗ ತಗುಲಿತು. ಸುಮಾರು ಎರಡು ವರ್ಷ ಕಾಲುಗಳನ್ನು ಬಿಗಿದು ಅವನನ್ನು ಮಲಗಿಸಿದ್ದರು. ಎದ್ದು ಬಂದಾಗ ಎಡಗಾಲು ಗಿಡ್ಡವಾಗಿತ್ತು. ಕುಂಟು ಕೊನೆಯವರೆಗೂ ಉಳಿಯಿತು.

ತಂದೆ ತಂದ ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರೇ ಅವನ ಮೊದಲ ಪಾಠಶಾಲೆ. ಅದನ್ನು ಬಿಚ್ಚಿದನು, ಜೋಡಿಸಿದನು, ಹದಗೊಳಿಸಿದನು. ಹದಿನೈದರ ಹೊತ್ತಿಗೆ ಅದರಲ್ಲಿಯೇ ಗುಡ್ಡ ಹತ್ತುವ ಪಂದ್ಯಗಳಿಗೆ ಇಳಿದನು. 1958ರಲ್ಲಿ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು, ಯುವ ಚಾಲಕರಿಗಾಗಿ ಏರ್ಪಡಿಸಿದ್ದ ವಿದ್ಯಾರ್ಥಿವೇತನದ ನೆರವಿನಿಂದ ಯೂರೋಪಿಗೆ ಹೊರಟನು. ಅಲ್ಲಿ ಕೂಪರ್ ಕಂಪೆನಿಯ ತಂಡದಲ್ಲಿ ಜಾಕ್ ಬ್ರಾಬಮ್‌ನ ಜೊತೆಗಾರನಾದನು. 1959ರ ಡಿಸೆಂಬರಿನಲ್ಲಿ ಸೆಬ್ರಿಂಗ್‌ನಲ್ಲಿ ನಡೆದ ಅಮೆರಿಕದ ಗ್ರಾಂಡ್ ಪ್ರಿಯನ್ನು ಗೆದ್ದಾಗ ಅವನಿಗೆ 22 ವರ್ಷ 104 ದಿನ. ಫಾರ್ಮುಲಾ ಒನ್ ಪಂದ್ಯ ಗೆದ್ದವರಲ್ಲಿ ಅಷ್ಟು ಕಿರಿಯನಾದ ಚಾಲಕನು 2003ರವರೆಗೆ ಮತ್ತೊಬ್ಬನು ಬರಲಿಲ್ಲ.

1963ರಲ್ಲಿ ಆತನು ಸ್ವಂತ ಸಂಸ್ಥೆಯೊಂದನ್ನು ಹೂಡಿದನು. ಸ್ಪೋರ್ಟ್ಸ್ ಕಾರುಗಳ ಪಂದ್ಯಕ್ಕೆ ಹೊಸ ಕಾರನ್ನು ನಿರ್ಮಿಸಲು ಆಗ ವ್ಯವಧಾನವಿರಲಿಲ್ಲ. ಆದುದರಿಂದ 1964ರಲ್ಲಿ ಜೆರೆಕ್ಸ್ ಸ್ಪೆಷಲ್ ಎಂಬ ಕಾರನ್ನು ಕೊಂಡನು. ಅದರ ಕಥೆಯೇ ತಿದ್ದುಪಡಿಯ ಕಥೆ. 1961ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅಪಘಾತಕ್ಕೀಡಾಗಿದ್ದ ಕೂಪರ್ ಗ್ರಾಂಡ್ ಪ್ರಿ ಕಾರನ್ನು ಅಮೆರಿಕದ ರೋಜರ್ ಪೆನ್ಸ್ಕೆ ಕೊಂಡು, ಅದಕ್ಕೆ ಸ್ಪೋರ್ಟ್ಸ್ ಕಾರಿನ ಮೈ ತೊಡಿಸಿ 1962ರಲ್ಲಿ ಪಂದ್ಯ ಗೆದ್ದಿದ್ದನು. ಮೆಕ್‌ಲಾರೆನ್ ಅದಕ್ಕೆ ಓಲ್ಡ್ಸ್‌ಮೊಬೈಲ್ ಕಾರಿನ ಎಂಟು ಸಿಲಿಂಡರುಗಳ ಅಲ್ಯೂಮಿನಿಯಂ ಎಂಜಿನ್ನನ್ನು ಕೂರಿಸಲು ನಿಶ್ಚಯಿಸಿದನು. ಆದರೆ ಬಲವಾದ ಎಂಜಿನ್ ಬಂದರೆ ಹಳೆಯ ಚೌಕಟ್ಟು ತಿರುಚಿಕೊಳ್ಳುತ್ತದೆ. ಆದಕಾರಣ ನಡುಭಾಗವನ್ನೇ ಕತ್ತರಿಸಿ ತೆಗೆದು, ಹೊಸ ಕೊಳವೆಗಳ ಚೌಕಟ್ಟನ್ನು ಬೆಸೆಯಬೇಕಾಯಿತು. ಆ ಜೂನ್ ತಿಂಗಳಲ್ಲಿ ಕೆನಡಾದ ಮೊಸ್‌ಪೋರ್ಟ್‌ನಲ್ಲಿ ಕಾರು ಗೆದ್ದೂ ಗೆದ್ದಿತು.

ಇಲ್ಲಿ ನಾನು ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನನ್ನ ತಂದೆಯವರು ಟ್ರಾಕ್ಟರ್ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುವವರು. ಬಿರುಕು ಬಿಟ್ಟ ಚಾಸಿಗೆ ಪಟ್ಟಿ ಹಾಕಿದರೆ, ಮುಂದಿನ ಬಿರುಕು ಆ ಪಟ್ಟಿಯ ಪಕ್ಕದಲ್ಲಿಯೇ ಬೀಳುತ್ತದೆಂಬುದು ಅವರ ಅನುಭವ. ಒಂದೆಡೆ ಬಲ ತುಂಬಿದರೆ ದೌರ್ಬಲ್ಯವು ಮತ್ತೊಂದೆಡೆಗೆ ಸರಿಯುತ್ತದೆ. ಮೆಕ್‌ಲಾರೆನ್ ಗೆದ್ದ ಮೇಲೂ ಆ ಕಾರಿಗೆ ಅಂಟಿಕೊಳ್ಳದೆ ಹೋದುದಕ್ಕೆ ಇದೇ ಕಾರಣವಿರಬೇಕೆಂದು ನನಗೆ ತೋರುತ್ತದೆ. ಅದೇ ವರ್ಷದ ಶರತ್ಕಾಲಕ್ಕೆ ತನ್ನದೇ ವಿನ್ಯಾಸದ ಎಂ1ಎ ಕಾರನ್ನು ಸಿದ್ಧಗೊಳಿಸಿದನು. ಎಂಜಿನ್ ಮಾತ್ರ ಅದೇ ಓಲ್ಡ್ಸ್‌ಮೊಬೈಲ್. ತಿದ್ದಿದ ಕಾರಿನಲ್ಲಿ ಪರೀಕ್ಷಿಸಿ ಒಳ್ಳೆಯದೆಂದು ಕಂಡದ್ದನ್ನು ಹೊಸ ಕಾರಿಗೆ ಒಯ್ದನು; ಉಳಿದುದನ್ನು ಬಿಟ್ಟನು.

ಹೊಸದೆಲ್ಲ ಒಳ್ಳೆಯದೆಂದು ಭಾವಿಸಬಾರದು. 1966ರಲ್ಲಿ ಆತನ ಮೊದಲ ಫಾರ್ಮುಲಾ ಒನ್ ಕಾರು ಮೊನಾಕೊದಲ್ಲಿ ರಂಗಕ್ಕಿಳಿಯಿತು. ಅಲ್ಯೂಮಿನಿಯಂ ತಗಡುಗಳ ನಡುವೆ ಬಾಲ್ಸಾ ಮರವನ್ನಿಟ್ಟು ಒತ್ತಿದ ಮ್ಯಾಲೈಟ್ ಎಂಬ ಹೊಸ ವಸ್ತುವಿನಿಂದ ಅದರ ಒಡಲನ್ನು ರಚಿಸಿದ್ದರು. ಒಡಲು ಗಟ್ಟಿಯಾಗಿತ್ತು, ಆದರೆ ಇಂಡಿಯಾನಾಪೊಲಿಸ್ ಪಂದ್ಯದ ಫೋರ್ಡ್ ಎಂಜಿನ್ನನ್ನು ಮೂರು ಲೀಟರಿಗೆ ಇಳಿಸಿ ಹಾಕಿದ್ದರಿಂದ ಭಾರ ಹೆಚ್ಚಿ ಶಕ್ತಿ ಸಾಲದೆ ಹೋಯಿತು. ಕಾರು ವಿಫಲವಾಯಿತು. ಎರಡು ವರ್ಷಗಳ ತರುವಾಯ ತನ್ನ ಎಂ7ಎ ಕಾರಿಗೆ ಕಾಸ್ವರ್ತ್ ಸಂಸ್ಥೆಯ ಸಿದ್ಧ ಎಂಜಿನ್ನನ್ನು ಕೊಂಡು ಹಾಕಿ, 1968ರ ಜೂನ್‌ನಲ್ಲಿ ಬೆಲ್ಜಿಯಂ ಗ್ರಾಂಡ್ ಪ್ರಿಯನ್ನು ಗೆದ್ದನು. ತನ್ನ ಹೆಸರಿನ ಕಾರನ್ನು ತಾನೇ ಓಡಿಸಿ ಗೆಲ್ಲುವ ಭಾಗ್ಯ ಬಹಳ ಮಂದಿಗೆ ದೊರೆತಿಲ್ಲ. 1969ರ ಕ್ಯಾನ್-ಆ್ಯಮ್ ಸರಣಿಯಲ್ಲಿ ನಡೆದ 11 ಪಂದ್ಯಗಳನ್ನೂ ಆತನ ತಂಡವೇ ಗೆದ್ದಿತು: ಆತನು ಆರು, ಅವನದೇ ನಾಡಿನ ಡೆನ್ನಿ ಹಲ್ಮ್ ಐದು.

1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಎಂ8ಡಿ ಕಾರನ್ನು ಪರೀಕ್ಷಿಸುತ್ತಿದ್ದಾಗ ಅದರ ಹಿಂಭಾಗದ ಹೊದಿಕೆ ಕಳಚಿ ಹಾರಿತು. ಕಾರು ಹತೋಟಿ ತಪ್ಪಿತು. ಆತನು ಅಲ್ಲಿಯೇ ಮಡಿದನು, ವಯಸ್ಸು 32. ಹೊಸದನ್ನು ಕಟ್ಟುವವನು ಅದರ ದೋಷಗಳನ್ನು ತನ್ನ ಮೈಮೇಲೆಯೇ ತಂದುಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನ ಬೇಕಿಲ್ಲ. ಹನ್ನೆರಡು ದಿನಗಳ ಮೇಲೆ ಅದೇ ಮಾದರಿಯ ಕಾರಿನಲ್ಲಿ ಡ್ಯಾನ್ ಗರ್ನಿ ಮೊಸ್‌ಪೋರ್ಟ್‌ನ ಪಂದ್ಯವನ್ನು ಗೆದ್ದನು. ಆ ತಂಡ 1974ರಲ್ಲಿ ಮೊದಲ ಬಾರಿಗೆ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿಯನ್ನು ಪಡೆಯಿತು; 2024ರಲ್ಲಿಯೂ ಪಡೆಯಿತು.

ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಹಲವರಿದ್ದಾರೆ. ಪರೀಕ್ಷೆ ಮುಗಿದೊಡನೆ ಮನೆಯ ಕಸುಬನ್ನೇ ತಿದ್ದಿಕೊಂಡು ಸಾಗುವುದೋ, ಹೊಸ ದಾರಿ ಹಿಡಿಯುವುದೋ ಎಂಬ ಪ್ರಶ್ನೆ ನಮ್ಮೆದುರು ಬಂದು ನಿಲ್ಲುತ್ತದೆ. ಮೆಕ್‌ಲಾರೆನ್‌ನ ಬಾಳು ಇದಕ್ಕೆ ಸಿದ್ಧ ಉತ್ತರವನ್ನು ಕೊಡುವುದಿಲ್ಲ. ಹಳೆಯದನ್ನು ಕೈಯಾರೆ ಬಿಚ್ಚಿ ನೋಡಿದವನಿಗೆ ಮಾತ್ರ ಹೊಸದರಲ್ಲಿ ಏನಿರಬೇಕೆಂಬುದು ತಿಳಿಯುತ್ತದೆ ಎಂಬುದನ್ನಂತೂ ಅದು ತೋರಿಸಿಕೊಡುತ್ತದೆ. ಮುಂದಿನ ಹಾದಿ ಯಾವುದೇ ಇರಲಿ, ಈ ಬೇಸಗೆಯ ರಜೆಯಲ್ಲಿ ತಂದೆಯವರ ಬಳಿ ಕುಳಿತು ವೆಲ್ಡಿಂಗ್ ಕಲಿಯಬೇಕೆಂದು ನಾನು ನಿಶ್ಚಯಿಸಿದ್ದೇನೆ.